ಉತ್ತರ ಯಾವ ಕಡೆ ಅಂತ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿ

ಇವರಿಗೆ,
ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ
ಮತ್ತು
ನಿರ್ದೇಶಕರು, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ), ಬೆಂಗಳೂರು

ಮಾನ್ಯರೇ,

ನಮಸ್ಕಾರ. ನಾನು ಕಾರ್ಕಳ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ಪತ್ರವನ್ನು ನಿಮ್ಮ ಕಚೇರಿಗೆ ಕಳಿಸುವುದರ ಜೊತೆಗೆ ಎಲ್ಲರೂ ಓದಲಿ ಅಂತ ಬಹಿರಂಗವಾಗಿಯೂ ಹಾಕುತ್ತಿದ್ದೇನೆ. ಇದು ನಮ್ಮ ಶಾಲೆಯೊಂದರ ವಿಷಯ ಅಲ್ಲ.

ಒಂದು ವರ್ಷ ಆರನೇ ತರಗತಿಗೆ ದಿಕ್ಕುಗಳ ಪಾಠ ಮುಗಿಸಿ, "ಉತ್ತರ ಯಾವ ಕಡೆ ಇದೆ, ತೋರಿಸಿ" ಅಂದೆ. ಇಡೀ ತರಗತಿಯ ಕೈಗಳು ಮೇಲೆದ್ದವು. ನಾನು ಹೇಳ್ತೇನೆ, ನಾನು ಹೇಳ್ತೇನೆ ಅಂತ ಕೈ ಎತ್ತಿದ್ದಾರೆ ಅಂದುಕೊಂಡೆ. ಅಲ್ಲ. ಅವರು ಉತ್ತರ ದಿಕ್ಕನ್ನೇ ತೋರಿಸುತ್ತಿದ್ದರು. ಬೆರಳುಗಳೆಲ್ಲ ಮಾಡಿನ (ಚಾವಣಿಯ) ಕಡೆ! "ಮೇಲೆ ಉಂಟು ಟೀಚರ್" ಅಂತ ಮುಂದಿನ ಬೆಂಚಿನ ಹುಡುಗಿ ಬಾಯಿಬಿಟ್ಟು ಹೇಳಿಯೂ ಬಿಟ್ಟಳು.

ನಕ್ಷೆ ತೂಗುಹಾಕಿದ್ದು ದಕ್ಷಿಣದ ಗೋಡೆಗೆ. ನಕ್ಷೆಯಲ್ಲಿ ಉತ್ತರ ಮೇಲಿರುತ್ತದೆ ಅಂತ ಅರ್ಧ ಗಂಟೆ ಹೇಳಿಕೊಟ್ಟವಳು ನಾನೇ. ಮಕ್ಕಳು ಹೇಳಿದ್ದನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದರು.

ಆಮೇಲೆ ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ಈ ಸಲ ತುಳುವಿನಲ್ಲಿ ಕೇಳಿದೆ, ಬಡಕಾಯಿ ಯಾವ ಕಡೆ ಅಂತ. ತಡವೇ ಆಗಲಿಲ್ಲ. ಹೆಚ್ಚುಕಮ್ಮಿ ಎಲ್ಲರೂ ನೀರಿನ ಟ್ಯಾಂಕಿನ ಕಡೆ ತಿರುಗಿ ನಿಂತರು. ಬಡಕಾಯಿ ಅಂದರೆ ಉತ್ತರ ದಿಕ್ಕು, ಅದು ಇರುವುದೂ ಆ ಕಡೆಯೇ. ಐದು ನಿಮಿಷದ ಹಿಂದೆ ಉತ್ತರ ಆಕಾಶದಲ್ಲಿದೆ ಅಂದವರೂ ಇವರೇ.

ಹಾಗಾದರೆ ಈ ಮಕ್ಕಳಿಗೆ ದಿಕ್ಕು ಗೊತ್ತಿದೆಯೋ ಇಲ್ಲವೋ? ಅಂಕಪಟ್ಟಿಯಲ್ಲಿ ನಾನು ಏನು ಬರೆಯಬೇಕು? ಈ ಪತ್ರ ಹುಟ್ಟಿದ್ದು ಆ ದಿನದ ಪ್ರಶ್ನೆಯಿಂದ. ನನ್ನ ಬೇಡಿಕೆ ಒಂದೇ: ಮಕ್ಕಳ ದಿಕ್ಕು ಮತ್ತು ಜಾಗದ ಅರಿವನ್ನು ಇಲಾಖೆ ಅಳೆಯಲಿ. ಆದರೆ ಕಾಗದದ ಮೇಲೆ ಮಾತ್ರ ಅಲ್ಲ, ನೆಲದ ಮೇಲೆ. ಮಕ್ಕಳಿಗೆ ಬರುವ ಮಾತಿನಲ್ಲಿ.

ಅಳೆಯುವುದು ಏನನ್ನು ಅಂತ ಮೊದಲು ಹೇಳಬೇಕು. ನಾನೀಗ ಎಲ್ಲಿದ್ದೇನೆ, ಇಲ್ಲಿಂದ ನನ್ನ ಮನೆ ಯಾವ ಕಡೆ, ಬಂದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ವಾಪಸ್ ಹೋಗಬಹುದಾ, ಎದುರು ನಿಂತವನ ಕಣ್ಣಿಗೆ ಇದೇ ಅಂಗಳ ಹೇಗೆ ಕಾಣುತ್ತದೆ. ಇಷ್ಟು ಗೊತ್ತಿರುವುದೇ ದಿಕ್ಕಿನ ಅರಿವು. ಕನ್ನಡದಲ್ಲಿ ಆಸರೆಗೂ ದಿಕ್ಕು ಅಂತಲೇ ಹೇಳುತ್ತೇವೆ. ಯಾರೂ ಇಲ್ಲದವರನ್ನು ದಿಕ್ಕಿಲ್ಲದವರು ಅನ್ನುತ್ತೇವೆ. ನಮ್ಮ ಹಿರಿಯರು ಈ ಎರಡನ್ನೂ ಒಂದೇ ಶಬ್ದದಲ್ಲಿ ಇಟ್ಟದ್ದು ಸುಮ್ನೆ ಅಲ್ಲ ಅಂತ ನನಗನಿಸುತ್ತದೆ.

ಇದು ತಲೆಯೊಳಗೆ ನಿಜವಾಗಿಯೂ ಇರುವ ಶಕ್ತಿ. 1948ರಲ್ಲಿ ಎಡ್ವರ್ಡ್ ಟೋಲ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇಲಿಗಳ ತಲೆಯಲ್ಲೂ ಮನುಷ್ಯರ ತಲೆಯಲ್ಲೂ ಒಂದು ನಕ್ಷೆ ಇರುತ್ತದೆ ಅಂದರು. 1971ರಲ್ಲಿ ಜಾನ್ ಒಕೀಫ್ ಮತ್ತು ಅವರ ಜೊತೆಗಾರರು ಇಲಿಯ ಮಿದುಳಿನಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ಜೀವಕೋಶ ಎಚ್ಚರಗೊಳ್ಳುವುದನ್ನು ಕಂಡರು. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ತಂಡ ಅಳತೆಪಟ್ಟಿಯ ಹಾಗೆ ಕೆಲಸ ಮಾಡುವ ಬೇರೆ ಕೋಶಗಳನ್ನು ಪತ್ತೆ ಮಾಡಿತು. ಒಕೀಫ್ ಮತ್ತು ಇಬ್ಬರು ಮೋಸರ್‌ಗಳು, ಈ ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಇಷ್ಟೆಲ್ಲ ಆದರೂ ನಮ್ಮ ಶಾಲೆಯಲ್ಲಿ ಇದನ್ನು ನೋಡುವುದು ನಕ್ಷೆ ಬರೆದು ಊರು ಗುರುತಿಸುವ ಪ್ರಶ್ನೆಯಲ್ಲಿ ಮಾತ್ರ. ಎಸ್ಸೆಸ್ಸೆಲ್ಸಿಯಲ್ಲಿ ಆ ಪ್ರಶ್ನೆಗೆ ಪೂರ್ತಿ ಅಂಕ ತೆಗೆದ ಮಕ್ಕಳನ್ನು ಕಾರ್ಕಳ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಮಂಗಳೂರು ಯಾವ ಕಡೆ ಅಂತ ಕೇಳಿದ್ದೇನೆ. ಬಸ್ ಬಂದು ನಿಲ್ಲುವ ಜಾಗ ತೋರಿಸಿದರು.

ಅಳೆಯುವ ದಾರಿಗಳು ತುಂಬಾ ಇವೆ. ನನಗೆ ತಿಳಿದ ಕೆಲವನ್ನು ಹೇಳುತ್ತೇನೆ, ಯಾಕೆಂದರೆ ಯಾವುದನ್ನು ಆರಿಸಿಕೊಳ್ಳುತ್ತೇವೆ ಅನ್ನುವುದರ ಮೇಲೆ ಯಾವ ಮಗು ಜಾಣ, ಯಾವ ಮಗು ದಡ್ಡ ಅಂತ ಆಗಿಬಿಡುತ್ತದೆ.

ಎಲ್ಲರಿಗಿಂತ ಹೆಸರಾದದ್ದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮತ್ತು ಬಾರ್ಬೆಲ್ ಇನ್‌ಹೆಲ್ಡರ್ ಅವರ ಮೂರು ಬೆಟ್ಟಗಳ ಪರೀಕ್ಷೆ. ಮೇಜಿನ ಮೇಲೆ ಮೂರು ಬೆಟ್ಟಗಳ ಮಾದರಿ. ಮಗು ಒಂದು ಕಡೆ ಕೂತಿರುತ್ತದೆ, ಒಂದು ಬೊಂಬೆ ಇನ್ನೊಂದು ಕಡೆ. ಬೊಂಬೆಗೆ ಬೆಟ್ಟ ಹೇಗೆ ಕಾಣುತ್ತದೆ ಅಂತ ಚಿತ್ರಗಳಲ್ಲಿ ಆರಿಸಬೇಕು. ಚಿಕ್ಕ ಮಕ್ಕಳು ತಮಗೆ ಕಾಣುವ ಚಿತ್ರವನ್ನೇ ಆರಿಸಿದರು. ಬೇರೆಯವರ ಜಾಗದಲ್ಲಿ ನಿಂತು ನೋಡುವುದು ಆ ವಯಸ್ಸಿಗೆ ಆಗದು ಅಂತ ತೀರ್ಮಾನ ಆಯಿತು.

1975ರಲ್ಲಿ ಮಾರ್ಟಿನ್ ಹ್ಯೂಸ್ ಇದನ್ನೇ ಬೇರೆ ಥರ ಕೇಳಿದರು. ಬೆಟ್ಟ ಇಲ್ಲ, ಚಿತ್ರ ಇಲ್ಲ. ಅಡ್ಡಗೋಡೆಗಳಿರುವ ಒಂದು ಮಾದರಿ, ಒಬ್ಬ ತುಂಟ ಹುಡುಗನ ಬೊಂಬೆ, ಪೊಲೀಸ್ ಬೊಂಬೆಗಳು. ಪೊಲೀಸರಿಗೆ ಕಾಣದ ಹಾಗೆ ಹುಡುಗನನ್ನು ಬಚ್ಚಿಡು ಅಂದರು. ಮೂರೂವರೆಯಿಂದ ಐದು ವರ್ಷದ ಮಕ್ಕಳ ಉತ್ತರಗಳಲ್ಲಿ ನೂರಕ್ಕೆ 90ರಷ್ಟು ಸರಿ ಬಂತು. ಇಲ್ಲೂ ಬೇರೆಯವರ ಕಣ್ಣಿಂದಲೇ ನೋಡಬೇಕಿತ್ತು. ಆದರೆ ಬಚ್ಚಿಡುವುದು ಮಕ್ಕಳಿಗೆ ಗೊತ್ತಿರುವ ಆಟ, ಅಲ್ವಾ? ಕಣ್ಣಾಮುಚ್ಚಾಲೆ ಆಡಿದ ಯಾವ ಮಗುವಿಗೂ ಅದು ಹೊಸದಲ್ಲ.

ನನ್ನ ಆರನೇ ತರಗತಿಯಲ್ಲಿ ಆದದ್ದೂ ಇದೇ. ಪ್ರಶ್ನೆ ಬದಲಾಯಿತು, ಉತ್ತರವೂ ಬದಲಾಯಿತು.

ಇನ್ನೊಂದು ಪರೀಕ್ಷೆ 1965ರದ್ದು. ಜಾನ್ ಮನಿ ಮತ್ತು ಜೊತೆಗಾರರು ಮಾಡಿದ್ದು. ಒಂದು ಪೇಟೆಯ ಬೀದಿಗಳ ಚಿತ್ರ, ಅದರಲ್ಲಿ ಚುಕ್ಕೆಗೆರೆಯ ದಾರಿ. ಆ ದಾರಿಯಲ್ಲಿ ಹೋಗುತ್ತಿದ್ದೀಯ ಅಂದುಕೋ, ಪ್ರತಿ ತಿರುವಿನಲ್ಲೂ ಎಡವೋ ಬಲವೋ ಹೇಳು. ಕಾಗದ ತಿರುಗಿಸುವ ಹಾಗಿಲ್ಲ. ಒಟ್ಟು 32 ತಿರುವುಗಳು. ದಾರಿ ನಮ್ಮಿಂದ ದೂರ ಹೋಗುವಾಗ ಸುಲಭ. ನಮ್ಮ ಕಡೆಗೇ ವಾಪಸ್ ಬರುವಾಗ ಎಡ ಬಲ ಅದಲುಬದಲಾಗುತ್ತದೆ, ಅಲ್ಲೇ ಮಕ್ಕಳು ಎಡವುವುದು. ಪರೀಕ್ಷೆ ಒಳ್ಳೆಯದೇ. ನಾನೂ ಹಾಳೆಯಲ್ಲಿ ಅಂಥದ್ದೊಂದು ಗೀಚಿ ಮಾಡಿಸಿದ್ದೇನೆ. ಅದರಲ್ಲಿ ಸೊನ್ನೆ ತೆಗೆದ ಹುಡುಗನ ಕತೆ ಹೇಳಬೇಕು.

ಅವನ ಮನೆ ಘಟ್ಟದ ಬುಡದಲ್ಲಿ, ಕಾಡಿನ ಅಂಚಿಗೆ. ಬಸ್ಸಿಂದ ಇಳಿದು ತೋಟ, ಗುಡ್ಡ, ತೋಡು ದಾಟಿ ಹೋಗಬೇಕು. ಎಡ ಬಲ ಅವನಿಗೆ ಯಾವಾಗಲೂ ಗೊಂದಲ. ಪಿಇಟಿ ಸರ್ "ಬಲಕ್ಕೆ ತಿರುಗು" ಅಂದರೆ ಪಕ್ಕದವನನ್ನು ನೋಡಿ ತಿರುಗುವವನು. ನನ್ನ ಹಾಳೆಯಲ್ಲಿ ಒಂದು ತಿರುವನ್ನೂ ಸರಿಯಾಗಿ ಹೇಳಲಿಲ್ಲ. ಒಂದು ದಿನ ಅವನನ್ನು ಪ್ರಯೋಗಾಲಯದ ಒಳಗೆ ಕರೆದೆ. ಕಿಟಕಿ ಮುಚ್ಚಿತ್ತು. ನಿನ್ನ ಮನೆ ಯಾವ ಕಡೆ ಅಂದೆ. ತೋರಿಸಿದ. ಗುತ್ತಿನ ಮನೆ? ತೋರಿಸಿದ. ದನ ಮೇಯಿಸುವ ಪದವು, ಅಂದರೆ ಬಯಲು? ಅದನ್ನೂ ತೋರಿಸಿದ. ಫೋನಿನ ನಕ್ಷೆಯಲ್ಲಿ ಗೆರೆ ಎಳೆದು ನೋಡಿದೆ. ಮೂರೂ ಕೆಲವೇ ಡಿಗ್ರಿ ಆಚೀಚೆ. "ಹೇಗೆ ಗೊತ್ತಾಯ್ತೋ?" ಅಂದರೆ ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮನೆ ಮೂಡಾಯಿಗಲ್ವಾ ಟೀಚರ್" ಅಂದ. ಮನೆ ಮೂಡಣಕ್ಕಿದೆ, ಅದನ್ನು ಗೊತ್ತು ಮಾಡಿಕೊಳ್ಳುವುದೇನು ಅನ್ನುವ ಹಾಗೆ.

ನಮ್ಮ ಕಡೆ ದಿಕ್ಕು ಅನ್ನುವುದು ಮನೆಮಾತು. ಮೂಡುಬಿದಿರೆ ಇದೆ, ಪಡುಬಿದ್ರಿ ಇದೆ. ಉಡುಪಿಯ ಸುತ್ತ ತೆಂಕನಿಡಿಯೂರು, ಬಡಗುಬೆಟ್ಟು ಇವೆ. ಯಕ್ಷಗಾನವೂ ತೆಂಕುತಿಟ್ಟು, ಬಡಗುತಿಟ್ಟು. ಹಾಜರಿ ಪುಸ್ತಕದಲ್ಲಿ ಪಡುಮನೆ, ಮೂಡುಮನೆ ಅಂತ ಮನೆ ಹೆಸರುಗಳು. ಬಡಗಣಕ್ಕೆ ತಲೆ ಹಾಕಿ ಮಲಗಬೇಡ ಅಂತ ಅಜ್ಜಿ ಗದರುವುದರಿಂದ ಚಾಪೆ ಹಾಸುವಾಗಲೂ ಮಗು ದಿಕ್ಕು ನೋಡುತ್ತದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ. ಮಳೆ ಬರುವುದು ಕಡಲಿನ ಕಡೆಯಿಂದ. ಘಟ್ಟದ ಮೇಲಿನವರಿಗೂ ಮೂಡಲ ಹೊಲ, ಪಡುವಲ ಹೊಲ ಅನ್ನುವ ಮಾತು ಹೊಸದಲ್ಲ.

ಇದನ್ನು ಅಭ್ಯಾಸ ಮಾಡಿದವರೂ ಇದ್ದಾರೆ. ನಮ್ಮ ಪಕ್ಕದ ತಮಿಳುನಾಡಿನಲ್ಲಿ ಎರಿಕ್ ಪೆಡರ್ಸನ್ ಎಂಬ ಭಾಷಾತಜ್ಞರು 1990ರ ದಶಕದಲ್ಲಿ ಒಂದು ವ್ಯತ್ಯಾಸ ಗುರುತಿಸಿದರು. ಮಾತಾಡುವುದು ಒಂದೇ ತಮಿಳಾದರೂ ಹಳ್ಳಿಯವರು ಜಾಸ್ತಿ ಪೂರ್ವ, ಪಶ್ಚಿಮ ಅಂತ ಹೇಳುತ್ತಿದ್ದರು. ಪೇಟೆಯವರು ಎಡ, ಬಲ ಅನ್ನುತ್ತಿದ್ದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ರಮೇಶ್ ಮಿಶ್ರಾ ಮತ್ತು ಜಿನೀವಾದ ಪಿಯರ್ ಡಾಸೆನ್ ವಾರಾಣಸಿ, ನೇಪಾಳ, ಬಾಲಿ ದ್ವೀಪ, ಜಿನೀವಾ ಈ ಎಲ್ಲ ಕಡೆ ಮಕ್ಕಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ 2010ರಲ್ಲಿ ದೊಡ್ಡ ಪುಸ್ತಕವನ್ನೇ ತಂದರು. ವಾರಾಣಸಿಯ ಸಂಸ್ಕೃತ ಪಾಠಶಾಲೆಯ ಮಕ್ಕಳು ಅಲ್ಲಿನ ಬೇರೆ ಶಾಲೆಯ ಮಕ್ಕಳಿಗಿಂತ ದಿಕ್ಕಿನ ಲೆಕ್ಕವನ್ನೇ ಹೆಚ್ಚು ಹಿಡಿಯುತ್ತಿದ್ದರು. ಬಾಲಿಯಲ್ಲಂತೂ ಎಡ ಬಲಕ್ಕಿಂತ ಬೆಟ್ಟದ ಕಡೆ, ಕಡಲ ಕಡೆ ಅನ್ನುವುದೇ ರೂಢಿ. ಮನೆಯ ಒಳಗಿನ ವಸ್ತುವಿಗೂ ಹಾಗೇ ಹೇಳುತ್ತಾರೆ. ಓದುವಾಗ ನನಗೆ ನಮ್ಮ ಘಟ್ಟ, ನಮ್ಮ ಕಡಲೇ ಕಣ್ಮುಂದೆ ಬಂತು.

ಅವರು ಬಳಸಿದ ಒಂದು ಸುಲಭ ಪರೀಕ್ಷೆ ಇದೆ. ಮೇಜಿನ ಮೇಲೆ ಮೂರು ಆಟದ ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸಬೇಕು. ಮಗು ನೋಡಿಕೊಳ್ಳುತ್ತದೆ. ಆಮೇಲೆ ಮಗುವನ್ನು ಹಿಂದಕ್ಕೆ ತಿರುಗಿಸಿ ಇನ್ನೊಂದು ಮೇಜಿನ ಮುಂದೆ ನಿಲ್ಲಿಸಿ, ಅದೇ ಥರ ಜೋಡಿಸು ಅನ್ನಬೇಕು. ಕೆಲವರು ತಮ್ಮ ಎಡಬಲ ನೋಡಿ ಜೋಡಿಸುತ್ತಾರೆ. ಕೆಲವರ ಪ್ರಾಣಿಗಳು ಮೊದಲು ಬಡಗಣಕ್ಕೆ ಮುಖ ಮಾಡಿದ್ದರೆ ಈಗಲೂ ಬಡಗಣಕ್ಕೇ ಮುಖ ಮಾಡಿರುತ್ತವೆ. ಎರಡೂ ಸರಿ! ಆದರೆ ಉತ್ತರಪಟ್ಟಿ ಬರೆದವರಿಗೆ ಎಡಬಲ ಮಾತ್ರ ಗೊತ್ತಿದ್ದರೆ ಎರಡನೆಯ ಮಗುವಿಗೆ ಸೊನ್ನೆ ಬೀಳುತ್ತದೆ. ಕಾಡಿನ ಅಂಚಿನ ನನ್ನ ಹುಡುಗನಿಗೆ ನಾನೇ ಹಾಗೆ ಸೊನ್ನೆ ಹಾಕಿದ್ದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ಇದಕ್ಕೆ ಉಲ್ಟಾ ಆದ ಒಂದು ಪ್ರಸಂಗವೂ ಇದೆ. ಬೇರೆ ಜಿಲ್ಲೆಯಿಂದ ಎಂಟನೇ ತರಗತಿಗೆ ಬಂದು ಸೇರಿದ ಹುಡುಗಿ. ಲೆಕ್ಕದಲ್ಲಿ ಚುರುಕು, ಚಿತ್ರ ಚೆನ್ನಾಗಿ ಬಿಡಿಸುತ್ತಿದ್ದಳು. ಆದರೆ ನೀರು ಕುಡಿಯಲು ಹೋದವಳು ತರಗತಿಗೆ ವಾಪಸ್ ಬರುತ್ತಿರಲಿಲ್ಲ. ಹುಡುಕಿಕೊಂಡು ಹೋದರೆ ಇನ್ನೊಂದು ಕಟ್ಟಡದ ಮೆಟ್ಟಿಲ ಹತ್ತಿರ ನಿಂತಿರುತ್ತಿದ್ದಳು. ಬೇಕಂತಲೇ ತಡ ಮಾಡುತ್ತಾಳೆ ಅಂತ ಸ್ಟಾಫ್ ರೂಮಿನಲ್ಲಿ ಮಾತಾಯಿತು. ನಾನೂ ಒಂದು ಸಲ ಬೈದೆ. ಅವಳು ಅಳಲಿಲ್ಲ. "ಎಲ್ಲ ಬಾಗಿಲೂ ಒಂದೇ ಥರ ಇದೆ ಟೀಚರ್" ಅಂದಳು.

ಕೊನೆಗೆ ಅವಳ ಅಪ್ಪ ಅಮ್ಮ ಅವಳನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಬಣ್ಣದ ಘನಗಳನ್ನು ಜೋಡಿಸಿ ವಿನ್ಯಾಸ ಮಾಡಲು ಕೊಟ್ಟರು. ಬೇಗಬೇಗ ಮಾಡಿದಳು. ಚಿತ್ರದ ತುಂಡುಗಳನ್ನು ಸೇರಿಸಿದಳು. ಎಲ್ಲ ಸರಿಯಾಗಿದೆ, ಗಮನ ಕೊಡುವುದಿಲ್ಲ ಅಷ್ಟೇ ಅಂತ ವರದಿ ಬಂತು. ಆ ಮಗುವಿಗೆ ಇನ್ನೂ ಒಂದು ಸುತ್ತು ಬೈಗುಳ ಸಿಕ್ಕಿತು.

ತಪ್ಪು ಒಬ್ಬ ಡಾಕ್ಟರದ್ದಲ್ಲ. ಪರೀಕ್ಷೆಯ ಪೆಟ್ಟಿಗೆಯಲ್ಲೇ ಅದಕ್ಕೆ ಬೇಕಾದ ಸಾಮಾನು ಇರಲಿಲ್ಲ. ನಮ್ಮ ದೇಶದ ಮಕ್ಕಳಿಗಾಗಿ ಮಾಡಿದ ಹಳೆಯ ಪರೀಕ್ಷೆಗಳನ್ನೇ ನೋಡಿ. 1955ರ ಭಾಟಿಯಾ ಅವರ ಪರೀಕ್ಷೆಯಲ್ಲಿ ಘನ ಜೋಡಣೆ ಇದೆ. 1969ರ ಮಾಲಿನ್ ಅವರ ಪರೀಕ್ಷೆಯಲ್ಲಿ ಘನ ಜೋಡಣೆಯೂ ಇದೆ, ಕಾಗದದ ಮೇಲಿನ ಜಟಿಲ ದಾರಿಗಳೂ ಇವೆ. ಇವೆಲ್ಲ ಕೈಗೆ ಸಿಗುವ, ಮೇಜಿನ ಮೇಲೆ ಇಡಬಹುದಾದ ವಸ್ತುಗಳ ಅರಿವನ್ನು ನೋಡುತ್ತವೆ. ನಮ್ಮನ್ನೇ ಒಳಗೆ ಇಟ್ಟುಕೊಂಡಿರುವ ಜಾಗದ ಅರಿವು ಬೇರೆ. 2004ರಲ್ಲಿ ಅಮೆರಿಕದ ಮೇರಿ ಹೆಗಾರ್ಟಿ ಮತ್ತು ಡೇವಿಡ್ ವಾಲರ್ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದರು. ವಸ್ತುವನ್ನು ಮನಸ್ಸಿನಲ್ಲಿ ತಿರುಗಿಸುವುದು ಒಂದು ಶಕ್ತಿ, ನಾವೇ ಮನಸ್ಸಿನಲ್ಲಿ ಬೇರೆ ಕಡೆ ಹೋಗಿ ನಿಂತು ನೋಡುವುದು ಇನ್ನೊಂದು ಶಕ್ತಿ. ಎರಡಕ್ಕೂ ನಂಟಿದೆ, ಆದರೆ ಒಂದರ ಅಂಕ ನೋಡಿ ಇನ್ನೊಂದನ್ನು ಹೇಳಲಾಗದು.

2009ರಲ್ಲಿ ಜ್ಯುಸೆಪ್ಪೆ ಇಯಾರಿಯಾ ಎಂಬ ವಿಜ್ಞಾನಿ ಮತ್ತು ಅವರ ತಂಡ 43 ವರ್ಷದ ಒಬ್ಬ ಹೆಂಗಸಿನ ಬಗ್ಗೆ ಬರೆದರು. ಅವರ ಮಿದುಳಿಗೆ ಪೆಟ್ಟಾಗಿರಲಿಲ್ಲ, ಬುದ್ಧಿ ಸರಿಯಾಗಿಯೇ ಇತ್ತು. ಆದರೂ ಚಿಕ್ಕಂದಿನಿಂದ ತಿಳಿದ ಜಾಗಗಳಲ್ಲೇ ದಾರಿ ತಪ್ಪುತ್ತಿದ್ದರು. ತಲೆಯೊಳಗಿನ ನಕ್ಷೆಯೇ ಮೂಡುತ್ತಿರಲಿಲ್ಲ. ಆಮೇಲೆ ಅಂಥವರು ಇನ್ನೂ ತುಂಬಾ ಜನ ಸಿಕ್ಕರು. ನಾನು ಡಾಕ್ಟರ್ ಅಲ್ಲ, ನಮ್ಮ ಹುಡುಗಿಗೆ ಇದೇ ಇತ್ತು ಅಂತ ಹೇಳುವುದಿಲ್ಲ. ಆದರೆ 43 ವರ್ಷ ಕಾಯಬೇಕಾಗಿ ಬಂತಲ್ಲ, ಆ ಮಾತು ನನ್ನ ನಿದ್ದೆ ಕೆಡಿಸಿತು. ನಮ್ಮ ಹುಡುಗಿಗೆ ನಾವು ಮಾಡಿದ್ದು ಇಷ್ಟೇ. ಪ್ರತಿ ತಿರುವಿನಲ್ಲೂ ಒಂದು ಗುರುತು ಹಿಡಿಸಿದೆವು. ಟ್ಯಾಂಕ್ ಕಂಡರೆ ಬಲಕ್ಕೆ, ನೋಟಿಸ್ ಬೋರ್ಡ್ ಆದಮೇಲೆ ಮೂರನೇ ಬಾಗಿಲು. ತರಗತಿಯ ಬಾಗಿಲಿಗೆ ಹಸಿರು ರಿಬ್ಬನ್ ಕಟ್ಟಿದೆವು. ಒಂದೇ ತಿಂಗಳಲ್ಲಿ ತಡವಾಗುವುದು ನಿಂತಿತು.

ಒಂದೇ ಥರದ ಬಾಗಿಲು ಅಂದಾಗ ನಮ್ಮ ಕಾರ್ಕಳದ ಚತುರ್ಮುಖ ಬಸದಿ ನೆನಪಾಗುತ್ತದೆ. 1586ರದ್ದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಕಡೆಯಿಂದ ನೋಡಿದರೂ ಒಂದೇ ರೂಪ. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಒಂದಿಬ್ಬರು ಚಪ್ಪಲಿ ಬಿಟ್ಟ ಕಡೆ ಬಿಟ್ಟು ಬೇರೆ ಬಾಗಿಲಿಂದ ಹೊರಬಂದು ಪಿಳಿಪಿಳಿ ನೋಡುತ್ತಾ ನಿಲ್ಲುತ್ತಾರೆ. ಗೊಮ್ಮಟ ಬೆಟ್ಟ ಕಣ್ಣಿಗೆ ಬಿದ್ದ ಕೂಡಲೇ ಮುಖ ಅರಳುತ್ತದೆ, ಸೀದಾ ಚಪ್ಪಲಿಯ ಕಡೆ ಓಡುತ್ತಾರೆ. ಒಳಗಿನ ಆಕಾರ ಕೈಕೊಟ್ಟಾಗ ಹೊರಗಿನ ಗುರುತು ಕೈ ಹಿಡಿಯಿತು. 1994ರಲ್ಲಿ ಲಿಂಡಾ ಹರ್ಮರ್ ಮತ್ತು ಎಲಿಜಬೆತ್ ಸ್ಪೆಲ್ಕಿ ಒಂದೂವರೆಯಿಂದ ಎರಡು ವರ್ಷದ ಪುಟಾಣಿಗಳನ್ನು ಆಯತದ ಕೋಣೆಯಲ್ಲಿ ನಿಲ್ಲಿಸಿ, ಒಂದು ಮೂಲೆಯಲ್ಲಿ ಆಟಿಕೆ ಬಚ್ಚಿಟ್ಟು, ಕಣ್ಣು ಮುಚ್ಚಿ ಗಿರಗಿರ ತಿರುಗಿಸಿ ಬಿಟ್ಟರು. ಮಕ್ಕಳು ಸರಿಯಾದ ಮೂಲೆಯಲ್ಲಿ ಹುಡುಕಿದಷ್ಟೇ ಅದರ ಎದುರಿನ ಓರೆ ಮೂಲೆಯಲ್ಲೂ ಹುಡುಕಿದರು. ಒಂದು ಗೋಡೆಗೆ ನೀಲಿ ಬಣ್ಣವಿದ್ದರೂ ಅದನ್ನು ಗುರುತಾಗಿ ಹಿಡಿಯಲಿಲ್ಲ, ಕೋಣೆಯ ಆಕಾರವನ್ನೇ ನಂಬಿದರು. ಗುರುತು ಹಿಡಿಯುವುದನ್ನು ಮಗು ಬೆಳೆಯುತ್ತಾ ಕಲಿಯುತ್ತದೆ. ಹಾಗಾಗಿ ಒಂದನೇ ತರಗತಿಗೂ ಎಂಟನೇ ತರಗತಿಗೂ ಒಂದೇ ಅಳತೆ ಸಲ್ಲದು.

ಈಗ ನಾವು ಹೇಗೆ ಅಳೆಯುತ್ತೇವೆ ಅಂತ ಹೇಳುತ್ತೇನೆ. ಖರ್ಚು ಏನೂ ಇಲ್ಲ. ಹಳೆಯ ಕ್ಯಾಲೆಂಡರಿನ ರಟ್ಟು, ದುಂಡಗೆ ಕತ್ತರಿಸಿದ್ದು. ಸುತ್ತ ಕೋನಮಾಪಕ ಇಟ್ಟು 360 ಡಿಗ್ರಿ ಗುರುತು. ನಡುವೆ ಒಂದು ಮೊಳೆ, ಅದಕ್ಕೆ ಹಿಡಿಸೂಡಿಯ (ಪೊರಕೆಯ) ಕಡ್ಡಿ, ಗಡಿಯಾರದ ಮುಳ್ಳಿನ ಹಾಗೆ ತಿರುಗುವಂತೆ. ಶಾಲೆಯ ಅಂಗಳದಲ್ಲಿ ಒಂದೊಂದೇ ಮಗುವನ್ನು ನಿಲ್ಲಿಸಿ ಮನೆ, ಬಸ್ ಸ್ಟಾಪ್, ದೇವಸ್ಥಾನ, ಹೊಳೆ, ಪಕ್ಕದ ಊರು ಅಂತ ಐದಾರು ಜಾಗ ಕೇಳುತ್ತೇವೆ. ಕಣ್ಣಿಗೆ ಕಾಣುವ ಯಾವ ಜಾಗವನ್ನೂ ಕೇಳುವುದಿಲ್ಲ. ಮಗು ಕಡ್ಡಿ ತಿರುಗಿಸಿ ತೋರಿಸುತ್ತದೆ. ನಿಜವಾದ ದಿಕ್ಕಿಗೂ ಅದಕ್ಕೂ ಎಷ್ಟು ಡಿಗ್ರಿ ಅಂತರ ಅಂತ ಬರೆದುಕೊಳ್ಳುತ್ತೇವೆ. ಪೂರ್ತಿ ಸರಿ ಇದ್ದರೆ 0. ಪೂರ್ತಿ ಉಲ್ಟಾ ಆದರೆ 180. ಏನೂ ಗೊತ್ತಿಲ್ಲದೆ ಬಾಯಿಗೆ ಬಂದ ಹಾಗೆ ತೋರಿಸಿದರೆ ಸರಾಸರಿ 90ರ ಹತ್ತಿರ ಬರುತ್ತದೆ.

ನನಗೆ ತುಂಬಾ ಕಲಿಸಿದ್ದು ಇದರ ಮುಂದಿನ ಹೆಜ್ಜೆ. ಇಬ್ಬರು ಮಕ್ಕಳಿಗೂ ಸರಾಸರಿ 80 ಡಿಗ್ರಿ ತಪ್ಪು ಬಂತು ಅಂದುಕೊಳ್ಳಿ. ಒಬ್ಬಳ ಆರೂ ಉತ್ತರ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ವಾಲಿವೆ. ಇನ್ನೊಬ್ಬನ ಉತ್ತರಗಳು ಚೆಲ್ಲಾಪಿಲ್ಲಿ. ಸರಾಸರಿ ಒಂದೇ, ಆದರೆ ಮಕ್ಕಳು ಒಂದೇ ಅಲ್ಲ. ಮೊದಲನೆಯವಳ ತಲೆಯ ನಕ್ಷೆ ಅಚ್ಚುಕಟ್ಟಾಗಿದೆ, ನಕ್ಷೆಯನ್ನು ಹಿಡಿದದ್ದು ಮಾತ್ರ ಓರೆ. ಅವಳಿಗೆ ಸೂರ್ಯ ಹುಟ್ಟುವ ಕಡೆ ಒಂದು ಸಲ ತೋರಿಸಿದರೆ ಎಲ್ಲ ಉತ್ತರವೂ ಒಟ್ಟಿಗೆ ಸರಿಹೋಗುತ್ತದೆ. ಎರಡನೆಯವನಿಗೆ ಊರನ್ನೇ ನಡೆದು ತೋರಿಸಬೇಕು. ಬರೀ ಒಟ್ಟು ಅಂಕ ಬರೆದುಕೊಂಡರೆ ಈ ವ್ಯತ್ಯಾಸ ಮುಳುಗಿಹೋಗುತ್ತದೆ. ಇಲಾಖೆ ಅಳತೆ ಶುರು ಮಾಡುವುದಾದರೆ ದಯವಿಟ್ಟು ಸರಾಸರಿಯೊಂದನ್ನೇ ತರಿಸಿಕೊಳ್ಳಬೇಡಿ.

ನೆಲದ ಮೇಲೆ ಮಾಡುವ ಇನ್ನೊಂದು ಪರೀಕ್ಷೆಯೂ ನಮ್ಮ ಮಕ್ಕಳಿಗೆ ಇಷ್ಟ. ಮೇಜಿನ ಮೇಲೆ ಒಂಬತ್ತು ಮರದ ತುಂಡುಗಳನ್ನು ಒಂದಾದಮೇಲೊಂದು ಮುಟ್ಟಿ ತೋರಿಸಿ, ಅದೇ ಕ್ರಮದಲ್ಲಿ ಮುಟ್ಟು ಅನ್ನುವ ಕೊರ್ಸಿ ಪರೀಕ್ಷೆ 1970ರ ದಶಕದಿಂದ ಇದೆ. ಇಟಲಿಯ ಲಾರಾ ಪಿಕ್ಕಾರ್ಡಿ ಮತ್ತು ಜೊತೆಗಾರರು 2008ರಲ್ಲಿ ಅದನ್ನು ನೆಲಕ್ಕೆ ಇಳಿಸಿದರು. ಒಂಬತ್ತು ಚೌಕಗಳು, ಅವುಗಳ ಮೇಲೆ ನಡೆದು ತೋರಿಸಬೇಕು, ಮಗುವೂ ಹಾಗೇ ನಡೆಯಬೇಕು. ನಮ್ಮ ಕುಂಟೆಬಿಲ್ಲೆಯ ಅಂಗಳವೇ! ಮೇಜಿನ ಮೇಲೆ ಗೆದ್ದವರು ನೆಲದ ಮೇಲೆ ಸೋಲುವುದೂ ಇದೆ, ಸೋತವರು ಗೆಲ್ಲುವುದೂ ಇದೆ. ಹೈಸ್ಕೂಲಿನ ದೊಡ್ಡ ಮಕ್ಕಳಿಗೆ ಹೆಗಾರ್ಟಿಯವರ 12 ಪ್ರಶ್ನೆಗಳ ಪರೀಕ್ಷೆ ಸಾಕು. ಹಾಳೆಯಲ್ಲಿ ಮರ, ಮನೆ, ಬೆಕ್ಕು, ಕಾರು ಹೀಗೆ ಏಳು ಚಿತ್ರ. ಹೂವಿನ ಹತ್ತಿರ ನಿಂತು ಮರದ ಕಡೆ ಮುಖ ಮಾಡಿದ್ದೀಯ, ಬೆಕ್ಕು ಯಾವ ಕಡೆ, ಬಾಣ ಎಳೆ. ಐದು ನಿಮಿಷ. ಚಿಕ್ಕವರಿಗೆ ಆಂಡ್ರಿಯಾ ಫ್ರಿಕ್ ಮತ್ತು ಜೊತೆಗಾರರು 2014ರಲ್ಲಿ ಮಾಡಿದ್ದು ಚಂದ: ಕ್ಯಾಮೆರಾ ಹಿಡಿದ ಬೊಂಬೆ ಇಲ್ಲಿಂದ ತೆಗೆದ ಫೋಟೋ ಯಾವುದು ಅಂತ ಕೇಳುವುದು. ನಾಲ್ಕರಿಂದ ಎಂಟು ವರ್ಷದವರಿಗೆ ಸರಿಹೊಂದುತ್ತದೆ.

ಹುಡುಗಿಯರ ವಿಷಯ ಹೇಳದೆ ಪತ್ರ ಮುಗಿಸಲಾರೆ. ರಟ್ಟಿನ ಚಕ್ರದ ಮುಂದೆ ನಿಂತಾಗ ಏಳನೇ ತರಗತಿಯ ನಂತರ ಹುಡುಗಿಯರು ಹಿಂದೆ ಬೀಳುವುದನ್ನು ಕಂಡಿದ್ದೇನೆ. ಹೆಣ್ಣುಮಕ್ಕಳಿಗೆ ದಿಕ್ಕು ಗೊತ್ತಾಗುವುದಿಲ್ಲ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಆದರೆ ಅವರು ಹೋಗುವುದೇ ಮನೆ, ಬಸ್, ಶಾಲೆ ಅಷ್ಟೇ. ಹುಡುಗರು ಕ್ರಿಕೆಟಿಗೆ, ಹೊಳೆಗೆ, ಕಂಬಳ ನೋಡಲು, ಪಕ್ಕದ ಊರಿನ ಯಕ್ಷಗಾನದ ಆಟಕ್ಕೆ ಅಂತ ತಿರುಗುತ್ತಾರೆ. ಎಂಟನೇ ತರಗತಿಯವರಿಗೆ ಸರ್ಕಾರ ಸೈಕಲ್ ಕೊಡುತ್ತಿದ್ದ ವರ್ಷಗಳಲ್ಲಿ ನಮ್ಮ ಹುಡುಗಿಯರು ಹೆಸರಿಸುತ್ತಿದ್ದ ಜಾಗಗಳೇ ಜಾಸ್ತಿ ಇದ್ದವು. ಹ್ಯೂಗೋ ಸ್ಪಿಯರ್ಸ್ ಮತ್ತು ಅಂತ್ವಾನ್ ಕುತ್ರೋ ಅವರ ತಂಡ ಸೀ ಹೀರೋ ಕ್ವೆಸ್ಟ್ ಎಂಬ ಫೋನ್ ಆಟದ ಮೂಲಕ ಜಗತ್ತಿನ ಲಕ್ಷಾಂತರ ಜನರ ದಾರಿ ಹುಡುಕುವ ಶಕ್ತಿ ನೋಡಿತು. 2018ರಲ್ಲಿ ಅವರು ಕಂಡದ್ದು ಇದು: ಹೆಣ್ಣು ಗಂಡಿನ ನಡುವೆ ಅಸಮಾನತೆ ಹೆಚ್ಚಿರುವ ದೇಶಗಳಲ್ಲಿ ಈ ಆಟದ ಅಂತರವೂ ಹೆಚ್ಚು. 2022ರಲ್ಲಿ ಇನ್ನೊಂದು ವಿಷಯ ಹೇಳಿದರು. ನಗರದ ಹೊರಗೆ ಬೆಳೆದವರು ಒಟ್ಟಾರೆ ದಾರಿ ಹುಡುಕುವುದರಲ್ಲಿ ಮುಂದೆ. ಅದರಲ್ಲೂ ಬೀದಿಗಳೆಲ್ಲ ಚೌಕಾಬಾರದ ಮನೆಗಳ ಹಾಗೆ ನೇರ ಇರುವ ನಗರಗಳಲ್ಲಿ ಬೆಳೆದವರಿಗೆ ಸುತ್ತುಬಳಸಿನ ದಾರಿ ಕಷ್ಟ. ಮಗು ಚಿಕ್ಕಂದಿನಲ್ಲಿ ತುಳಿದ ನೆಲ ತಲೆಯೊಳಗೆ ಉಳಿಯುತ್ತದೆ ಅಂತಾಯಿತು.

ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಜನ ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ಕ್ಕೆ ಅದು 9ಕ್ಕೆ ಇಳಿಯಿತು. ಮೇಯರ್ ಹಿಲ್‌ಮನ್ ಮತ್ತು ಜೊತೆಗಾರರು ಎರಡೂ ಸಲ ಅಳೆದದ್ದರಿಂದ ಇದು ಗೊತ್ತಾಯಿತು. ನಮ್ಮಲ್ಲೂ ಶಾಲೆ ವ್ಯಾನು, ಆಟೋ, ಅಪ್ಪನ ಬೈಕು ಹೆಚ್ಚಾಗಿವೆ. ಹತ್ತು ವರ್ಷದ ಹಿಂದೆ ಯಾರಾದರೂ ಅಳೆದಿದ್ದರೆ ನಮ್ಮ ಮಕ್ಕಳ ದಿಕ್ಕಿನ ಅರಿವು ಏನಾಗಿದೆ ಅಂತ ಇವತ್ತು ಹೇಳಬಹುದಿತ್ತು.

ಅಳೆದು ಏನು ಮಾಡುವುದು ಅಂತ ಕೇಳಬಹುದು. ಇದು ಹುಟ್ಟಿನಿಂದ ಬಂದು ಅಲ್ಲೇ ನಿಲ್ಲುವ ಶಕ್ತಿ ಅಲ್ಲ. 2013ರಲ್ಲಿ ಡೇವಿಡ್ ಉಟಾಲ್ ಮತ್ತು ಜೊತೆಗಾರರು 217 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಜಾಗದ ಅರಿವನ್ನು ಕಲಿಸಿ ಹೆಚ್ಚಿಸಬಹುದು, ಹೆಚ್ಚಿದ್ದು ಉಳಿಯುತ್ತದೆ ಅಂದರು. ಬೇಗ ಪತ್ತೆಯಾದ ಮಗುವಿಗೆ ಬೇಗ ಕಲಿಸಬಹುದು.

ಆದರೆ ಒಂದು ಹೆದರಿಕೆ ನನಗಿದೆ. ಅಳತೆ ಅಂದ ಕೂಡಲೇ ನಮ್ಮಲ್ಲಿ ರ‍್ಯಾಂಕ್ ಬರುತ್ತದೆ, ಜಿಲ್ಲೆಗೆ ಎಷ್ಟನೇ ಸ್ಥಾನ ಅನ್ನುವ ಪಟ್ಟಿ ಬರುತ್ತದೆ, ದಿಕ್ಕಿಗೂ ಗೈಡ್ ಪುಸ್ತಕ ಬರುತ್ತದೆ. ಹಾಗಾಗುವುದಾದರೆ ಬೇಡವೇ ಬೇಡ. ಈ ಅಳತೆ ಅಂಕಪಟ್ಟಿಗೆ ಹೋಗಬಾರದು. ತರಗತಿಯ ಟೀಚರ್ ಕೈಯಲ್ಲಿ ಇರಬೇಕು, ತೀರಾ ಚೆಲ್ಲಾಪಿಲ್ಲಿಯಾದ ಮಗುವಿನ ಮನೆಯವರಿಗೆ ಮೆಲ್ಲಗೆ ಹೇಳಬೇಕು, ಅಷ್ಟೇ.

ನನ್ನ ಕೋರಿಕೆ ದೊಡ್ಡದೇನಲ್ಲ. ಡಿಎಸ್‌ಇಆರ್‌ಟಿ ನಾಲ್ಕು ಕಡೆ ಇದನ್ನು ಮಾಡಿ ನೋಡಲಿ: ಕರಾವಳಿಯಲ್ಲಿ ಒಂದು, ಮಲೆನಾಡಿನಲ್ಲಿ ಒಂದು, ಬಯಲುಸೀಮೆಯಲ್ಲಿ ಒಂದು, ಬೆಂಗಳೂರಿನ ಒಳಗೆ ಒಂದು. ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿ ತರಬೇತಿಗೆ ಬರುವ ಶಿಕ್ಷಕ ವಿದ್ಯಾರ್ಥಿಗಳೇ ಅಳೆಯಬಹುದು, ಅವರಿಗೂ ಪಾಠ. ನಾಲ್ಕು, ಏಳು, ಒಂಬತ್ತನೇ ತರಗತಿ ಸಾಕು. ಪ್ರಶ್ನೆಯಲ್ಲಿ ಎಡ ಬಲವೂ ಇರಲಿ, ಮೂಡು ಪಡುವೂ ಇರಲಿ, ಆ ಊರಿನ ಮಾತೂ ಇರಲಿ. ಬೀದರಿನ ಮಗುವಿಗೂ ಕೊಡಗಿನ ಮಗುವಿಗೂ ತನ್ನದೇ ಮಾತಿನಲ್ಲಿ ಉತ್ತರ ಹೇಳುವ ಅವಕಾಶ ಇರಲಿ. ಹೊರದೇಶದ ಅಂಕಗಳ ಪಟ್ಟಿ ತಂದು ನಮ್ಮ ಮಕ್ಕಳ ಮೇಲೆ ಹಾಕುವುದು ಬೇಡ. ಯಾವ ವಯಸ್ಸಿಗೆ ಎಷ್ಟು ಅಂತ ನಮ್ಮ ಮಕ್ಕಳನ್ನೇ ನೋಡಿ ಗೊತ್ತುಮಾಡೋಣ.

ಇನ್ನೊಂದು ಇದೆ, ಅದಕ್ಕೆ ಸಮಿತಿಯೂ ಬೇಡ. ಶಾಲೆ ಶುರುವಾಗುವ ಮೊದಲು ಒಂದು ಸುತ್ತೋಲೆ ಕಳಿಸಿ: ತರಗತಿಯಲ್ಲಿ ನಕ್ಷೆಯನ್ನು ಉತ್ತರದ ಗೋಡೆಗೆ ತೂಗುಹಾಕಬೇಕು. ಮೊದಲ ಪಾಠದ ದಿನ ಅದನ್ನು ಕೆಳಗಿಳಿಸಿ, ಅಂಗಳದಲ್ಲಿ ಹಾಸಿ, ಅದರ ಉತ್ತರವನ್ನು ನೆಲದ ಉತ್ತರಕ್ಕೆ ಸರಿಯಾಗಿ ತಿರುಗಿಸಿ, ಮಕ್ಕಳನ್ನು ಅದರ ಸುತ್ತ ಕೂರಿಸಬೇಕು. ನಾವು ಹಾಗೆ ಮಾಡುತ್ತಿದ್ದೇವೆ. ಕಡಲು ನಕ್ಷೆಯಲ್ಲೂ ಪಡುವಣಕ್ಕೇ ಬರುತ್ತದೆ, ಘಟ್ಟ ಮೂಡಣಕ್ಕೇ. ಆಮೇಲೆ ಯಾರೂ ಮಾಡಿನ ಕಡೆ ಬೆರಳು ತೋರಿಸಿಲ್ಲ.

ನಮ್ಮ ರಟ್ಟಿನ ಚಕ್ರ ಶಾಲೆಯಲ್ಲೇ ಇದೆ. ಮಕ್ಕಳ ಅಳತೆ ಬರೆದಿಟ್ಟ ನೋಟ್ ಪುಸ್ತಕಗಳೂ ಇವೆ, ಹೆಸರು ತೆಗೆದು ಕೊಡುತ್ತೇನೆ. ನಿಮ್ಮವರು ಯಾರಾದರೂ ಬರುವುದಾದರೆ ಮಳೆ ನಿಂತ ಮೇಲೆ ಬನ್ನಿ. ಮಕ್ಕಳನ್ನು ಅಂಗಳಕ್ಕೆ ಕರೆಯಬೇಕಲ್ಲ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಸಮಾಜ ವಿಜ್ಞಾನ ಶಿಕ್ಷಕಿ
ಕಾರ್ಕಳ ತಾಲ್ಲೂಕು